ಬುಡ ಯಾವುದು, ತುದಿ ಯಾವುದು: ಖನಿಜ ಪರೀಕ್ಷೆಗೆ ಕೂದಲಿನ ಮಾದರಿ ತೆಗೆಯುವ ಕ್ರಮ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಹಳೆಯ ಚಿನ್ನದ ಗಣಿಯ ಸೆರಗಿನಲ್ಲಿರುವ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳಲ್ಲಿ ಚರ್ಮ ಗಂಟುಗಟ್ಟಿ ಒರಟಾಗುತ್ತಿದ್ದುದರ ಹಿಂದಿನ ಕಾರಣವನ್ನು ಹುಡುಕಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿ ಪರೀಕ್ಷಿಸಿದ 59 ಕೊಳವೆಬಾವಿಗಳ ನೀರಿನ ಪೈಕಿ ನೂರಕ್ಕೆ 79ರಷ್ಟರಲ್ಲಿ ಆರ್ಸೆನಿಕ್ ಅಂಶವು ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಸುರಕ್ಷಿತ ಮಿತಿಯನ್ನು ದಾಟಿತ್ತು. ಅತಿ ಹೆಚ್ಚಿನ ಪ್ರಮಾಣ 303 ಮೈಕ್ರೋಗ್ರಾಂ. ತಪಾಸಣೆಗೆ ಒಳಗಾದ 181 ಮಂದಿಯಲ್ಲಿ ನೂರಕ್ಕೆ 58.6ರಷ್ಟು ಜನರ ಚರ್ಮದಲ್ಲಿ ಆರ್ಸೆನಿಕ್ ವಿಷದ ಗುರುತುಗಳಿದ್ದವು. 171 ನಿವಾಸಿಗಳಿಂದ ತೆಗೆದ ಕೂದಲು ಮತ್ತು ಉಗುರಿನ ಮಾದರಿಗಳಲ್ಲಂತೂ ಆರ್ಸೆನಿಕ್ ಹೆಚ್ಚಿರದ ಮಾದರಿ ಒಂದೂ ಇರಲಿಲ್ಲ. ಭೂವಿಜ್ಞಾನಿಗಳು ಆ ಪ್ರದೇಶವನ್ನು ಮಂಗಳೂರು ಶಿಲಾಪಟ್ಟಿ ಎಂದು ಕರೆಯುತ್ತಾರೆ. ಆ ಮಂಗಳೂರು ಕರಾವಳಿಯ ನಗರವಲ್ಲ, ಸುರಪುರ ಸೀಮೆಯದೇ ಒಂದು ಊರು.

ನೀರನ್ನೇ ಪರೀಕ್ಷಿಸಿದ ಮೇಲೆ ಕೂದಲನ್ನೇಕೆ ಕತ್ತರಿಸಬೇಕಿತ್ತು ಎಂಬ ಪ್ರಶ್ನೆ ಸಹಜ. ಬಾಟಲಿಯಲ್ಲಿ ಹಿಡಿದ ನೀರು ಆ ದಿನ ಆ ಬಾವಿಯಲ್ಲಿ ಏನಿತ್ತು ಎಂಬುದನ್ನು ಹೇಳುತ್ತದೆಯೇ ಹೊರತು, ಅದರಲ್ಲಿ ಎಷ್ಟು ಯಾರ ಹೊಟ್ಟೆ ಸೇರಿತು ಎಂಬುದನ್ನು ಹೇಳುವುದಿಲ್ಲ. ರಕ್ತದಲ್ಲಿ ಆರ್ಸೆನಿಕ್ ಕೆಲವೇ ಗಂಟೆಗಳ ಕಾಲ ನಿಲ್ಲುತ್ತದೆ, ಮೂತ್ರದಲ್ಲಿ ಕೆಲವು ದಿನ. ಕೂದಲು ಹಾಗಲ್ಲ. ಬೆಳೆಯುವಾಗ ಒಳಗೆ ಸೇರಿದ್ದನ್ನು ಅದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಈ ಗುಣದ ಪ್ರಯೋಜನ ಸಿಗಬೇಕಾದರೆ ಕತ್ತರಿ ಹಿಡಿದ ಕೈ ಏನು ಮಾಡುತ್ತಿದೆ ಎಂಬುದನ್ನು ಅರಿತಿರಬೇಕು. ಪ್ರಯೋಗಾಲಯದ ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ತಪ್ಪಾಗಿ ತೆಗೆದ ಮಾದರಿಯನ್ನು ಸರಿಪಡಿಸುವ ಶಕ್ತಿ ಅದಕ್ಕಿಲ್ಲ. ತಪ್ಪು ಮಾದರಿಗೂ ಅದು ಅಷ್ಟೇ ನಿಖರವಾದ ಅಂಕಿಯನ್ನು ಮುದ್ರಿಸಿ ಕೊಡುತ್ತದೆ, ಅಪಾಯವಿರುವುದು ಅಲ್ಲಿಯೇ. ಈ ಲೇಖನ ಬಹುಪಾಲು ಆ ಕತ್ತರಿಯ ಬಗ್ಗೆ.

ಕೂದಲಿನೊಳಗೆ ಖನಿಜ ಸೇರುವ ಬಗೆ

ನೆತ್ತಿಯ ಚರ್ಮದ ಕೆಳಗೆ, ಕೂದಲಿನ ಬೇರಿರುವ ಪುಟ್ಟ ಚೀಲಕ್ಕೆ ರಕ್ತನಾಳಗಳು ಬಂದು ತಲುಪುತ್ತವೆ. ಅಲ್ಲಿ ಜೀವಕೋಶಗಳು ಹುಟ್ಟಿ, ಒಂದನ್ನೊಂದು ಮೇಲಕ್ಕೆ ತಳ್ಳುತ್ತ, ಒಣಗಿ ಗಟ್ಟಿಯಾಗಿ ಕೂದಲಿನ ಎಳೆಯಾಗುತ್ತವೆ. ಆ ಎಳೆಯ ಮುಖ್ಯ ವಸ್ತು ಕೆರಾಟಿನ್ ಎಂಬ ಪ್ರೋಟೀನು. ಕೆರಾಟಿನ್‌ನಲ್ಲಿ ಗಂಧಕ ಹೇರಳವಾಗಿದೆ. ಕೂದಲು ಸುಟ್ಟಾಗ ಮೂಗಿಗೆ ಬಡಿಯುವ ವಾಸನೆಯಲ್ಲಿ ಅದರ ಪಾಲು ದೊಡ್ಡದು. ಪಾದರಸ, ಆರ್ಸೆನಿಕ್, ಸೀಸಗಳಿಗೆ ಗಂಧಕವೆಂದರೆ ಬಲವಾದ ಸೆಳೆತ. ಎಳೆ ರೂಪುಗೊಳ್ಳುವ ಹೊತ್ತಿನಲ್ಲಿ ರಕ್ತದಲ್ಲಿದ್ದ ಈ ಲೋಹಗಳು ಗಂಧಕಕ್ಕೆ ಅಂಟಿಕೊಂಡು ಅಲ್ಲಿಯೇ ಉಳಿದುಬಿಡುತ್ತವೆ. ಎಳೆ ಚರ್ಮದಿಂದ ಹೊರಬಂದ ಮೇಲೆ ಅದಕ್ಕೂ ರಕ್ತಕ್ಕೂ ಸಂಬಂಧ ಕಡಿದುಹೋಗುವುದರಿಂದ, ಒಳಗೆ ಸೇರಿದ್ದು ದೇಹಕ್ಕೆ ಮರಳುವುದಿಲ್ಲ.

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೀಗಾಗಿ ಬುಡದ ಮೊದಲ ಸೆಂಟಿಮೀಟರ್ ಕಳೆದ ತಿಂಗಳಿನದು, ಮೂರನೆಯದು ಮೂರು ತಿಂಗಳ ಹಿಂದಿನದು, ಸೊಂಟದವರೆಗೆ ಇಳಿದ ಜಡೆಯ ತುದಿ ಐದಾರು ವರ್ಷ ಹಳೆಯದು. ಚೀಲದೊಳಗೆ ಹುಟ್ಟಿದ ಭಾಗ ಚರ್ಮದ ಮೇಲೆ ಕಾಣಿಸಿಕೊಳ್ಳಲು ಒಂದು ವಾರಕ್ಕೂ ಹೆಚ್ಚು ಸಮಯ ಬೇಕಾಗುತ್ತದೆ, ಕತ್ತರಿಯಂತೂ ಚರ್ಮದ ತೀರ ಒಳಗಿನವರೆಗೆ ಹೋಗುವುದಿಲ್ಲ. ಆದ್ದರಿಂದ ನಿನ್ನೆ ಮೊನ್ನೆ ವಿಷ ಸೇವಿಸಿದವರ ಕೂದಲನ್ನು ಇಂದು ಪರೀಕ್ಷಿಸಿದರೆ ಏನೂ ಸಿಗದು. ಅಂಥ ತುರ್ತಿನಲ್ಲಿ ರಕ್ತ, ಮೂತ್ರಗಳೇ ಗತಿ.

ಕೂದಲು ಎಷ್ಟು ನಿಷ್ಠೆಯಿಂದ ಲೆಕ್ಕ ಬರೆದಿಡುತ್ತದೆ ಎಂಬುದಕ್ಕೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನವಿಜ್ಞಾನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ಅವರ ದುರಂತ ಸಾಕ್ಷಿ. 1996ರ ಆಗಸ್ಟ್‌ನಲ್ಲಿ ಪ್ರಯೋಗಾಲಯದಲ್ಲಿ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತದ ಕೆಲವೇ ಹನಿಗಳು ಅವರ ಕೈಗವಸಿನ ಮೇಲೆ ಬಿದ್ದವು. ರಬ್ಬರಿನ ಆ ಕೈಗವಸು ಅದನ್ನು ತಡೆಯಲಿಲ್ಲ. ತಿಂಗಳುಗಳ ಕಾಲ ಅವರಿಗೆ ಏನೂ ಅನಿಸಲಿಲ್ಲ. ಮುಂದಿನ ಜನವರಿಯ ವೇಳೆಗೆ ಮಾತು, ನಡಿಗೆಗಳ ಹಿಡಿತ ತಪ್ಪತೊಡಗಿ, 1997ರ ಜೂನ್ 8ರಂದು ಅವರು ತೀರಿಕೊಂಡರು. ಅವರ ಉದ್ದನೆಯ ಕೂದಲೆಳೆಯನ್ನು ತುಂಡುತುಂಡಾಗಿ ಅಳೆದಾಗ, ಘಟನೆಗೆ ಮುಂಚಿನ ಭಾಗದಲ್ಲಿ ಪಾದರಸ ಸಾಮಾನ್ಯ ಮಟ್ಟದಲ್ಲಿದ್ದು, ನಂತರ ಒಮ್ಮೆಲೇ ಕಡಿದಾಗಿ ಏರಿ, ಆಮೇಲೆ ನಿಧಾನವಾಗಿ ಇಳಿದದ್ದು ಕಂಡುಬಂತು. ವಿಷ ತಗುಲಿದ ಕಾಲವನ್ನು ಎಳೆಯ ಮೇಲೆ ಬೆರಳಿಟ್ಟು ತೋರಿಸಬಹುದಿತ್ತು. ಅದು ಸಾಧ್ಯವಾದದ್ದು ಎಳೆಯ ಬುಡ ಯಾವುದು, ತುದಿ ಯಾವುದು ಎಂಬುದು ಗೊತ್ತಿದ್ದುದರಿಂದ.

ಎಲ್ಲಿಂದ, ಎಷ್ಟು

ಮಾದರಿಯನ್ನು ಹಿಂದಲೆಯಿಂದ ತೆಗೆಯಬೇಕು. ಕಿವಿಗಳ ಮೇಲಂಚನ್ನು ಸೇರಿಸುವ ಗೆರೆಯೊಂದನ್ನು ತಲೆಯ ಹಿಂಬದಿಯಲ್ಲಿ ಕಲ್ಪಿಸಿಕೊಂಡರೆ ಅದರ ಮಟ್ಟದಿಂದ ಕತ್ತಿನ ಕುಳಿಯ ಮೇಲ್ಭಾಗದವರೆಗಿನ ಪ್ರದೇಶ ಅದು. ಇದಕ್ಕೆ ಕಾರಣಗಳಿವೆ. ತಲೆಯ ಎಲ್ಲ ಕೂದಲೂ ಒಂದೇ ಹೊತ್ತಿಗೆ ಬೆಳೆಯುತ್ತಿರುವುದಿಲ್ಲ. ನೂರಕ್ಕೆ 85ರಿಂದ 90ರಷ್ಟು ಬೆಳೆಯುವ ಹಂತದಲ್ಲಿದ್ದರೆ ಉಳಿದವು ಬೆಳವಣಿಗೆ ನಿಲ್ಲಿಸಿ ಉದುರುವ ಸರದಿಗೆ ಕಾದಿರುತ್ತವೆ. ನಿಂತ ಎಳೆಗಳ ಬುಡ ಕಳೆದ ತಿಂಗಳಿನದಾಗಿರದೆ ಅದಕ್ಕೂ ಹಿಂದಿನದಾಗಿರುವುದರಿಂದ, ಅವು ಹೆಚ್ಚಿದಷ್ಟೂ ಕಾಲದ ಲೆಕ್ಕ ಮಸುಕಾಗುತ್ತದೆ. ಹಿಂದಲೆಯಲ್ಲಿ ಬೆಳವಣಿಗೆಯ ವೇಗ ಹೆಚ್ಚು ಸಮನಾಗಿದೆ. ಗಂಡಸರ ನೆತ್ತಿ ಬೋಳಾಗುವಾಗಲೂ ಅಲ್ಲಿಯ ಕೂದಲು ಕೊನೆಯವರೆಗೆ ಉಳಿಯುತ್ತದೆ. ಬಿಸಿಲು, ಬೆವರು, ಕೈಸ್ಪರ್ಶ ಹಣೆಯ ಕಡೆಗಿಂತ ಅಲ್ಲಿ ಕಡಿಮೆ. ನಮ್ಮ ಕಡೆಯ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಬೈತಲೆಗೆ ಇಡುವ ಕೆಲವು ಬಗೆಯ ಕುಂಕುಮ, ಸಿಂಧೂರಗಳಲ್ಲಿ ಸೀಸದ ಇಲ್ಲವೇ ಪಾದರಸದ ಸಂಯುಕ್ತಗಳಿರುತ್ತವೆ, ಆ ಪುಡಿ ಬೈತಲೆಯ ಇಕ್ಕೆಲದ ಕೂದಲಿಗೆ ಮೆತ್ತಿಕೊಂಡಿರುತ್ತದೆ. ಅಲ್ಲಿಂದ ಕತ್ತರಿಸಿದ ಕೂದಲಿನಲ್ಲಿ ಸೀಸ ಹೆಚ್ಚು ಬಂದರೆ ಅದು ಮೈಯೊಳಗಿನದೋ ಕುಂಕುಮದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ.

ಎಷ್ಟು ಕೂದಲು ಬೇಕು ಎಂಬುದು ಪರೀಕ್ಷೆಯ ವಿಧಾನವನ್ನು ಅವಲಂಬಿಸಿದೆ. ಪಾದರಸವೊಂದನ್ನೇ ನೇರವಾಗಿ ಅಳೆಯುವ ಉಪಕರಣಕ್ಕೆ ಹತ್ತಿಪ್ಪತ್ತು ಮಿಲಿಗ್ರಾಂ ಸಾಕು. ಆಮ್ಲದಲ್ಲಿ ಕರಗಿಸಿ ಹಲವು ಖನಿಜಗಳನ್ನು ಒಟ್ಟಿಗೆ ಅಳೆಯುವ ಪ್ರಯೋಗಾಲಯಗಳು 150 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಕೇಳುವುದುಂಟು. ಈ ಅಂಕಿ ಕಣ್ಣಿಗೆ ಕಟ್ಟಬೇಕಾದರೆ ಸಣ್ಣದೊಂದು ಲೆಕ್ಕ ಹಾಕಬೇಕು. ಮಧ್ಯಮ ದಪ್ಪದ, 3 ಸೆಂಟಿಮೀಟರ್ ಉದ್ದದ ಒಂದು ಎಳೆ ಸುಮಾರು 0.15 ಮಿಲಿಗ್ರಾಂ ತೂಗುತ್ತದೆ. ಅಂದರೆ 150 ಮಿಲಿಗ್ರಾಂ ಆಗಲು ಸಾವಿರ ಎಳೆ ಬೇಕು. ಸಾವಿರ ಎಂದ ಕೂಡಲೇ ಗಾಬರಿಯಾಗಬಹುದು, ಆದರೆ ತಲೆಯಲ್ಲಿರುವುದು ಸುಮಾರು 1 ಲಕ್ಷ. ನೂರರಲ್ಲಿ ಒಂದು ಪಾಲನ್ನು ನಾಲ್ಕೈದು ಕಡೆಗಳಿಂದ, ಪ್ರತಿ ಕಡೆ ತೆಳುವಾಗಿ ತೆಗೆದು, ಮೇಲಿನ ಕೂದಲನ್ನು ಅದರ ಮೇಲೆ ಇಳಿಬಿಟ್ಟರೆ ಎಲ್ಲಿ ಕತ್ತರಿಸಿದ್ದಾರೆ ಎಂದು ಮನೆಯವರಿಗೂ ತಿಳಿಯುವುದಿಲ್ಲ. ಮದುವೆಗೆ ಬಂದ ಹುಡುಗಿಯ ತಾಯಿಯ ಎದುರು ಕತ್ತರಿ ಹಿಡಿದು ನಿಂತವರಿಗೆ ಈ ವಿವರ ಬಹಳ ಉಪಯೋಗಕ್ಕೆ ಬರುತ್ತದೆ. ಒಂದೇ ಕಡೆಯಿಂದ ಕತ್ತರಿಸುವುದಕ್ಕಿಂತ ಹಲವು ಕಡೆಗಳಿಂದ ತೆಗೆದದ್ದು ಹೆಚ್ಚು ಪ್ರಾತಿನಿಧಿಕವೂ ಹೌದು.

ಗಡ್ಡ, ಮೀಸೆ, ಕಂಕುಳು ಮೊದಲಾದ ಕಡೆಯ ಕೂದಲು ಬೆಳೆಯುವ ವೇಗವೂ ಅವಧಿಯೂ ಬೇರೆ. ತಲೆಗೂದಲು ಸಾಲದೆಂದು ಅವುಗಳನ್ನು ಬೆರೆಸಿ ತೂಕ ತುಂಬಿಸಿದರೆ ಮಾದರಿ ಕೆಟ್ಟಂತೆ. ತಿರುಪತಿಯಲ್ಲೋ ಮಲೆ ಮಹದೇಶ್ವರ ಬೆಟ್ಟದಲ್ಲೋ ಮುಡಿ ಕೊಟ್ಟು ಬಂದವರು, ಚೌಲವಾದ ಮಕ್ಕಳು 3 ಸೆಂಟಿಮೀಟರ್ ಬೆಳೆಯುವವರೆಗೆ, ಅಂದರೆ ಮೂರು ನಾಲ್ಕು ತಿಂಗಳು ಕಾಯಬೇಕು. ಇದರಲ್ಲಿ ಒಂದು ಅನುಕೂಲವೂ ಇದೆ: ಹಾಗೆ ಬಂದ ಕೂದಲೆಲ್ಲ ಬಹುಮಟ್ಟಿಗೆ ಮುಡಿ ಕೊಟ್ಟ ದಿನದಿಂದ ಈಚಿನದು ಎಂಬುದು ಖಚಿತ.

ಕತ್ತರಿಸುವ ಹೊತ್ತು

ನಾನು ಮೊದಲ ಬಾರಿ ಮಾದರಿ ತೆಗೆಯಲು ಹೋದಾಗ ಮಾಡಿದ ತಪ್ಪನ್ನು ಇಲ್ಲಿ ಹೇಳಿದರೆ ಉಳಿದವರಿಗೆ ಅನುಕೂಲವಾದೀತು. ಉದ್ದ ಜಡೆಯ ಹೆಂಗಸೊಬ್ಬರ ಹಿಂದಲೆಯಿಂದ ಸರಿಯಾದ ಜಾಗದಲ್ಲಿಯೇ, ಸರಿಯಾದಷ್ಟೇ ಕೂದಲು ಕತ್ತರಿಸಿದೆ. ಕತ್ತರಿಸಿದ್ದನ್ನು ಬೆರಳಿಂದ ಬೆರಳಿಗೆ ಬದಲಾಯಿಸುವಾಗ ಎಳೆಗಳು ಜಾರಿ ಹಾಸಿದ ಕಾಗದದ ಮೇಲೆ ಚೆಲ್ಲಿದವು. ಎಲ್ಲವನ್ನೂ ಒಟ್ಟುಗೂಡಿಸಿ ಲಕೋಟೆಗೆ ತುಂಬಿ, ಏನೂ ನಷ್ಟವಾಗಲಿಲ್ಲ ಎಂದು ಸಮಾಧಾನಪಟ್ಟೆ. ಆದರೆ ಕೆಲವು ಎಳೆಗಳ ಬುಡ ಒಂದು ಕಡೆಗೆ, ಕೆಲವುದರ ಬುಡ ಇನ್ನೊಂದು ಕಡೆಗೆ ಆಗಿಹೋಗಿತ್ತು. ಕಳೆದ ಮೂರು ತಿಂಗಳಿನದನ್ನು ಹೇಳಬೇಕಾಗಿದ್ದ ಮಾದರಿಯಲ್ಲಿ ನಾಲ್ಕು ವರ್ಷದ ಹಿಂದಿನ ತುದಿಗಳೂ ಸೇರಿಕೊಂಡವು. ಅದನ್ನು ಬೇರ್ಪಡಿಸುವ ದಾರಿ ಇರಲಿಲ್ಲ. ಮತ್ತೊಮ್ಮೆ ಅವರ ಮನೆಗೆ ಹೋಗಿ, ಇನ್ನಷ್ಟು ಕೂದಲು ಕೊಡಿ ಎಂದು ಕೇಳಬೇಕಾಯಿತು. ಅವರು ಬೇಸರಿಸಲಿಲ್ಲ, ನನಗೆ ಮಾತ್ರ ಆ ಸಂಕೋಚ ಇನ್ನೂ ಇದೆ.

ಅಂದಿನಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಕೈ ತೊಳೆದು ಒರೆಸಿ, ಪುಡಿ ಇಲ್ಲದ ಕೈಗವಸು ಹಾಕಿಕೊಳ್ಳುತ್ತೇನೆ. ಕೆಲವು ಕೈಗವಸುಗಳೊಳಗಿನ ಪುಡಿಯಲ್ಲಿ ಖನಿಜಾಂಶವಿರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡುತ್ತೇನೆ. ಸ್ಟೀಲಿನಲ್ಲಿ ಕಬ್ಬಿಣ, ಕ್ರೋಮಿಯಂ, ನಿಕಲ್‌ಗಳಿರುವುದರಿಂದ ಆ ಲೋಹಗಳನ್ನೇ ಅಳೆಯುವ ಉದ್ದೇಶವಿದ್ದರೆ ಪ್ರಯೋಗಾಲಯದವರು ಸೆರಾಮಿಕ್ ಕತ್ತರಿ ಬಳಸಲು ಹೇಳಬಹುದು. ಸಲೂನಿನ ಟ್ರಿಮ್ಮರ್ ಬೇಡವೇ ಬೇಡ. ಅದರ ಬ್ಲೇಡಿಗೆ ಎಣ್ಣೆ ಹಾಕಿರುತ್ತಾರೆ, ಅದರಲ್ಲಿ ಹಿಂದಿನವರ ಕೂದಲ ಚೂರುಗಳಿರುತ್ತವೆ, ಮೇಲಾಗಿ ಅದು ಕೊಡುವ ಪುಡಿಗೂದಲಿನಲ್ಲಿ ಬುಡ ತುದಿಗಳ ಗುರುತೇ ಇರುವುದಿಲ್ಲ.

ಕುಳಿತವರ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಹಿಂದಲೆಯ ಮೇಲ್ಪದರದ ಕೂದಲನ್ನು ಎತ್ತಿ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಮೇಲಕ್ಕೆ ಸಿಕ್ಕಿಸಬೇಕು. ಲೋಹದ ಹೇರ್‌ಪಿನ್ನು ಬೇಡ. ಕೆಳಪದರದಿಂದ ಒಂದೊಂದು ಕಟ್ಟಿಗೆ ಐವತ್ತು ನೂರು ಎಳೆಗಳನ್ನು ಬೇರ್ಪಡಿಸಿ, ಕತ್ತರಿಸುವ ಮೊದಲೇ, ಬುಡದಿಂದ ಐದಾರು ಸೆಂಟಿಮೀಟರ್ ಆಚೆಗೆ ಬಿಳಿಯ ಹತ್ತಿದಾರದಿಂದ ಬಿಗಿಯಾಗಿ ಕಟ್ಟಬೇಕು. ಕಟ್ಟು ಬುಡದ ಕಡೆ ಇರಬಾರದು, ಏಕೆಂದರೆ ಪರೀಕ್ಷೆಗೆ ಹೋಗುವ ಭಾಗವೇ ಅದು. ಕೂದಲು ಗಿಡ್ಡವಾಗಿದ್ದು ದಾರಕ್ಕೆ ಸಿಗದಿದ್ದರೆ ತುದಿಗಳನ್ನು ಬೆರಳುಗಳ ನಡುವೆ ಹಿಡಿದು, ಕತ್ತರಿಸಿ, ಕಾಗದದ ಮೇಲೆ ಇಡುವವರೆಗೂ ಹಿಡಿತ ಬಿಡಬಾರದು. ಆಮೇಲೆ ಕತ್ತರಿಯನ್ನು ಚರ್ಮಕ್ಕೆ ಸಮಾನಾಂತರವಾಗಿ, ಚರ್ಮಕ್ಕೆ ತಾಗಿಯೂ ತಾಗದಂತೆ ಇಟ್ಟು ಒಂದೇ ಸಲಕ್ಕೆ ಕತ್ತರಿಸಬೇಕು. ಒಂದು ಸೆಂಟಿಮೀಟರ್ ಮೇಲೆ ಕತ್ತರಿಸಿದರೆ ಇತ್ತೀಚಿನ ಒಂದು ತಿಂಗಳು ತಲೆಯ ಮೇಲೆಯೇ ಉಳಿಯಿತು ಎಂದೇ ಅರ್ಥ. ಕೂದಲನ್ನು ಕೀಳಬಾರದು. ನೋವಾಗುತ್ತದೆ ಎಂಬುದು ಒಂದು ಕಾರಣವಾದರೆ, ಕಿತ್ತ ಕೂದಲಿನ ಬುಡದಲ್ಲಿ ಅಂಟಿ ಬರುವ ಜೀವಂತ ಅಂಗಾಂಶ ಅಳತೆಯನ್ನು ಏರುಪೇರು ಮಾಡುತ್ತದೆ ಎಂಬುದು ಇನ್ನೊಂದು. ಬಾಚಣಿಗೆಯಿಂದ, ದಿಂಬಿನಿಂದ ಆಯ್ದ ಕೂದಲಂತೂ ಬೆಳವಣಿಗೆ ನಿಂತು ಉದುರಿದ್ದು. ಅದರ ಕಾಲವನ್ನು ಹೇಳಲಾಗದು.

ಕತ್ತರಿಸಿದ ಕಟ್ಟನ್ನು ಮುದ್ರಣವಿಲ್ಲದ ಬಿಳಿ ಕಾಗದದ ಮೇಲೆ ಉದ್ದಕ್ಕೆ ಮಲಗಿಸಿ, ಬುಡದ ಕಡೆಗೆ ಪೆನ್ಸಿಲಿನಿಂದ ಬಾಣದ ಗುರುತು ಹಾಕಿ "ಬುಡ" ಎಂದು ಬರೆದು, ಕಾಗದವನ್ನು ಮಡಚಿ, ಕಾಗದದ ಲಕೋಟೆಯೊಳಗೆ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕೂದಲು ವಿದ್ಯುದಾವೇಶದಿಂದ ಒಳಗೋಡೆಗೆ ಅಂಟಿಕೊಂಡು ಚೆಲ್ಲಾಪಿಲ್ಲಿಯಾಗುತ್ತದೆ, ತೇವವೂ ಒಳಗೇ ನಿಲ್ಲುತ್ತದೆ. ಕೂದಲಿನ ಮೇಲೆ ಗಮ್‌ಟೇಪ್ ಅಂಟಿಸಿದರೆ ಅಂಟು ಮಾದರಿಯ ಭಾಗವಾಗುತ್ತದೆ, ಸ್ಟೇಪಲ್ ಹೊಡೆದರೆ ಲೋಹ ತಗುಲುತ್ತದೆ. ಒಣಗಿದ ಕೂದಲಿಗೆ ಫ್ರಿಜ್ ಬೇಕಿಲ್ಲ; ಸಾಮಾನ್ಯ ಅಂಚೆಯಲ್ಲಿ ಹೋದರೂ ಕೆಡದಿರುವುದು ಈ ಮಾದರಿಯ ದೊಡ್ಡ ಅನುಕೂಲ. ತಂಪುಪೆಟ್ಟಿಗೆ ಹೊತ್ತು ಊರೂರು ತಿರುಗಿದವರಿಗೆ ಇದರ ಬೆಲೆ ಗೊತ್ತು.

ಹೊರಗಿನಿಂದ ಅಂಟುವುದು

ಕೂದಲು ಪರೀಕ್ಷೆಯ ಅತಿ ದೊಡ್ಡ ತೊಡಕು ಇದು. ದೇಹದೊಳಗಿನಿಂದ ಬಂದ ಸತುವಿಗೂ ಶಾಂಪೂವಿನಿಂದ ಅಂಟಿದ ಸತುವಿಗೂ ಯಂತ್ರದ ಕಣ್ಣಿನಲ್ಲಿ ಭೇದವಿಲ್ಲ. ತಲೆಹೊಟ್ಟಿಗೆ ಬಳಸುವ ಹಲವು ಶಾಂಪೂಗಳಲ್ಲಿ ಜಿಂಕ್ ಪೈರಿಥಿಯೋನ್ ಎಂಬ ಸತುವಿನ ಸಂಯುಕ್ತವಿದೆ, ಇನ್ನು ಕೆಲವುದರಲ್ಲಿ ಸೆಲೆನಿಯಂ ಸಲ್ಫೈಡ್ ಇದೆ. ಅವುಗಳನ್ನು ಬಳಸುವವರ ಕೂದಲಿನಲ್ಲಿ ಸತು, ಸೆಲೆನಿಯಂ ಹೆಚ್ಚು ಕಂಡರೆ ಆಶ್ಚರ್ಯವಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮೀಯುವವರ ಕೂದಲಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಟಿಕೊಳ್ಳುತ್ತವೆ; ಬುಡಕ್ಕಿಂತ ತುದಿಯಲ್ಲಿ ಅವು ಹೆಚ್ಚಿರುವುದು ಇದೇ ಕಾರಣಕ್ಕೆ, ತುದಿ ಹೆಚ್ಚು ವರ್ಷ ನೀರು ಕಂಡಿದೆ. ತಾಮ್ರದ ಹಂಡೆಯಲ್ಲಿ ಕಾಯಿಸಿದ ನೀರು ತಾಮ್ರವನ್ನು ತರಬಲ್ಲದು. ಬಿಳಿಗೂದಲನ್ನು ನಿಧಾನವಾಗಿ ಕಪ್ಪಾಗಿಸುವ ಕೆಲವು ಬಣ್ಣಗಳಲ್ಲಿ ಸೀಸದ ಅಸಿಟೇಟ್ ಬಳಕೆಯಲ್ಲಿತ್ತು. ಅಮೆರಿಕ ಅದಕ್ಕಿದ್ದ ಅನುಮತಿಯನ್ನು 2018ರಲ್ಲಿ ಹಿಂತೆಗೆದುಕೊಳ್ಳುವ ನಿರ್ಧಾರ ಪ್ರಕಟಿಸಿತು. ಬ್ಲೀಚ್ ಮತ್ತು ಕೂದಲು ನೆಟ್ಟಗೆ ಮಾಡಿಸುವ ರಾಸಾಯನಿಕಗಳು ಎಳೆಯ ಹೊರಪದರವನ್ನು ಒಡೆಯುವುದರಿಂದ, ಒಳಗಿದ್ದದ್ದು ಸೋರಿಹೋಗುವುದಕ್ಕೂ ಹೊರಗಿನದು ನುಗ್ಗುವುದಕ್ಕೂ ದಾರಿಯಾಗುತ್ತದೆ.

ಎಣ್ಣೆ ಹಚ್ಚಿದ ತಲೆಯಿಂದ ಮಾದರಿ ತೆಗೆಯುವುದು ಸರಿಯಲ್ಲ. ಹಿಂದಿನ ದಿನ ಸಾದಾ ಶಾಂಪೂವಿನಿಂದ ತಲೆ ತೊಳೆದು, ಕಂಡಿಷನರ್, ಎಣ್ಣೆ, ಜೆಲ್ ಏನೂ ಹಚ್ಚದೆ, ಕೂದಲು ಪೂರ್ತಿ ಒಣಗಿದ ಮೇಲೆ ಕತ್ತರಿಸುವುದು ಒಳ್ಳೆಯದು. ಬಣ್ಣ, ಮೆಹೆಂದಿ, ಔಷಧಿ ಶಾಂಪೂ ಬಳಸಿದವರು ಅದನ್ನು ನಿಲ್ಲಿಸಿ ಎರಡು ಮೂರು ತಿಂಗಳು ಕಾದು, ಹೊಸದಾಗಿ ಬಂದ ಬುಡದ ಭಾಗವನ್ನಷ್ಟೇ ಕೊಡಬೇಕು. ಕಾಯಲಾಗದಿದ್ದರೆ ಏನು ಬಳಸಿದ್ದೇವೆ ಎಂಬುದನ್ನು ಲಕೋಟೆಯ ಜೊತೆಗಿನ ಚೀಟಿಯಲ್ಲಿ ತಪ್ಪದೆ ಬರೆಯಬೇಕು. ಆರ್ಸೆನಿಕ್ ಇರುವ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕುಡಿಯುವ ನೀರೂ ಸ್ನಾನದ ನೀರೂ ಒಂದೇ ಬಾವಿಯದಾಗಿದ್ದರೆ, ಕೂದಲಿನಲ್ಲಿ ಸಿಕ್ಕ ಆರ್ಸೆನಿಕ್‌ನ ಒಂದಂಶ ಸ್ನಾನದಿಂದಲೇ ಅಂಟಿದ್ದಾಗಿರಬಹುದು. ಸಾಮಾನ್ಯವಾಗಿ ಕೂದಲಿನ ಆರ್ಸೆನಿಕ್ ಗ್ರಾಮಿಗೆ 1 ಮೈಕ್ರೋಗ್ರಾಂಗಿಂತ ಕಡಿಮೆ ಇರುತ್ತದೆ. ಅದನ್ನು ದಾಟಿದರೆ ಸಂಶಯಪಡಬೇಕು ನಿಜ, ಆದರೆ ಅಂಥ ಊರಿನಲ್ಲಿ ಮೂತ್ರ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿದರೆ ಮಾತ್ರ ಹೊಟ್ಟೆಗೆ ಹೋದದ್ದು ಖಚಿತವಾಗುತ್ತದೆ.

ಪ್ರಯೋಗಾಲಯದಲ್ಲಿಯೂ ಕೂದಲನ್ನು ತೊಳೆಯುತ್ತಾರೆ. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1970ರ ದಶಕದಲ್ಲಿ ಸೂಚಿಸಿದ ಕ್ರಮವನ್ನು ಇಂದಿಗೂ ಹಲವರು ಅನುಸರಿಸುತ್ತಾರೆ: ಒಮ್ಮೆ ಅಸಿಟೋನ್, ಮೂರು ಬಾರಿ ಶುದ್ಧ ನೀರು, ಮತ್ತೊಮ್ಮೆ ಅಸಿಟೋನ್. ಆದರೆ ಯಾವ ತೊಳೆತವೂ ಪರಿಪೂರ್ಣವಲ್ಲ. ಮೃದುವಾಗಿ ತೊಳೆದರೆ ಹೊರಗಿನದು ಉಳಿಯುತ್ತದೆ, ಗಟ್ಟಿಯಾಗಿ ತೊಳೆದರೆ ಒಳಗಿನದೂ ಹೋಗುತ್ತದೆ. ತೊಳೆದ ಕೂದಲನ್ನು ಒಣಗಿಸಿ, ತೂಗಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸಾಮಾನ್ಯವಾಗಿ ಐಸಿಪಿ-ಎಂಎಸ್ ಎಂಬ ಉಪಕರಣದಲ್ಲಿ ಅಳೆಯುತ್ತಾರೆ. ಒಳ್ಳೆಯ ಪ್ರಯೋಗಾಲಯವು ಅದರ ಜೊತೆಗೆ ಪ್ರಮಾಣ ಮೊದಲೇ ಗೊತ್ತಿರುವ ಕೂದಲಿನ ಪುಡಿಯನ್ನೂ ಅಳೆದು ತನ್ನ ಅಳತೆ ಸರಿಯಿದೆಯೇ ಎಂದು ನೋಡಿಕೊಳ್ಳುತ್ತದೆ. ಜಪಾನಿನ ರಾಷ್ಟ್ರೀಯ ಪರಿಸರ ಅಧ್ಯಯನ ಸಂಸ್ಥೆಯಂಥವರು ಅಂಥ ಪುಡಿಯನ್ನು ಸಿದ್ಧಪಡಿಸಿದ್ದಾರೆ. ಮಾದರಿ ಕಳುಹಿಸುವ ಮೊದಲು ಈ ಅಭ್ಯಾಸ ನಿಮ್ಮಲ್ಲಿದೆಯೇ ಎಂದು ಪ್ರಯೋಗಾಲಯವನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ.

ಲಕೋಟೆಯ ಮೇಲಿನ ಹೆಸರು

ಹೆಸರು, ವಯಸ್ಸು, ಕತ್ತರಿಸಿದ ದಿನಾಂಕ, ತಲೆಯ ಯಾವ ಭಾಗ, ಎಷ್ಟು ಉದ್ದ, ನೀರಿನ ಮೂಲ, ಉದ್ಯೋಗ, ಕೂದಲಿಗೆ ಬಳಸಿದ ವಸ್ತುಗಳು, ಇಷ್ಟನ್ನು ಕತ್ತರಿಸಿದ ಕೂಡಲೇ, ಅದೇ ಜಾಗದಲ್ಲಿ, ಆ ವ್ಯಕ್ತಿಯ ಎದುರಿನಲ್ಲಿಯೇ ಬರೆಯಬೇಕು. ಸಂಜೆ ಕುಳಿತು ಒಟ್ಟಿಗೆ ಬರೆಯುತ್ತೇನೆ ಎಂದುಕೊಂಡರೆ ಲಕೋಟೆಗಳು ಅದಲುಬದಲಾಗುವುದು ಖಂಡಿತ.

ಇದನ್ನು ಒತ್ತಿ ಹೇಳಲು ಸಂಗೀತಗಾರ ಬೀಥೋವನ್ನನ ಕೂದಲಿನ ಕತೆ ನೆರವಾಗುತ್ತದೆ. 1827ರಲ್ಲಿ ಆತ ತೀರಿಕೊಂಡಾಗ ಅಭಿಮಾನಿಗಳು ಕೂದಲಿನ ಗುಚ್ಛಗಳನ್ನು ನೆನಪಿಗೆಂದು ಕತ್ತರಿಸಿಕೊಂಡರು. ಅಂಥದ್ದೊಂದು ಗುಚ್ಛವನ್ನು ಪರೀಕ್ಷಿಸಿ ಅದರಲ್ಲಿ ಸೀಸ ಬಹಳ ಇದೆಯೆಂದು 2000ದ ಸುಮಾರಿಗೆ ಪ್ರಕಟಿಸಿದಾಗ ಅದು ಜಗತ್ತಿನಾದ್ಯಂತ ಸುದ್ದಿಯಾಯಿತು. 2023ರಲ್ಲಿ ಡಿಎನ್‌ಎ ಪರೀಕ್ಷೆ ನಡೆದಾಗ ಆ ಗುಚ್ಛ ಬೀಥೋವನ್ನನದೇ ಅಲ್ಲ, ಯಾರೋ ಮಹಿಳೆಯದು ಎಂದು ತಿಳಿದುಬಂತು. ಎರಡು ದಶಕಗಳ ಕಾಲ ಅಳತೆ ಸರಿಯಾಗಿಯೇ ಇತ್ತು, ಹೆಸರು ತಪ್ಪಾಗಿತ್ತು. ಆತನದೇ ಎಂದು ದೃಢಪಟ್ಟ ಬೇರೆ ಎರಡು ಗುಚ್ಛಗಳನ್ನು ಆಮೇಲೆ ಅಳೆದಾಗ ಗ್ರಾಮಿಗೆ 258 ಮತ್ತು 380 ಮೈಕ್ರೋಗ್ರಾಂ ಸೀಸ ಸಿಕ್ಕಿತು ಎಂದು 2024ರಲ್ಲಿ ಪ್ರಕಟವಾಯಿತು. ಸಾಮಾನ್ಯರಲ್ಲಿ ಇರುವುದು 4ರ ಒಳಗೆ. ಕೊನೆಗೂ ಸೀಸವೇ ಸಿಕ್ಕಿತಾದರೂ ಮೊದಲ ತೀರ್ಮಾನ ನಿಂತಿದ್ದದ್ದು ಬೇರೆಯವರ ತಲೆಯ ಮೇಲೆ.

ಕೂದಲು ಉತ್ತರಿಸಲಾರದ ಪ್ರಶ್ನೆಗಳು

ಇಷ್ಟೆಲ್ಲ ಜಾಗ್ರತೆಯಿಂದ ತೆಗೆದ ಮಾದರಿಯನ್ನು ತಪ್ಪು ಪ್ರಶ್ನೆಗೆ ಬಳಸಿದರೆ ಶ್ರಮ ವ್ಯರ್ಥ. ಕೂದಲು ಚೆನ್ನಾಗಿ ಉತ್ತರಿಸುವುದು ಮೀನಿನ ಮೂಲಕ ಮೈಸೇರುವ ಮೀಥೈಲ್ ಪಾದರಸದ ಪ್ರಶ್ನೆಗೆ. ಕೂದಲಿನಲ್ಲಿ ಅದರ ಪ್ರಮಾಣ ರಕ್ತದಲ್ಲಿರುವುದರ ಸುಮಾರು 250 ಪಟ್ಟು ಇರುತ್ತದೆ, ಈ ಅನುಪಾತ ಸಾಕಷ್ಟು ಸ್ಥಿರವೂ ಆಗಿದೆ. 1971-72ರಲ್ಲಿ ಇರಾಕಿನಲ್ಲಿ ಪಾದರಸದ ಔಷಧಿ ಸವರಿದ ಬಿತ್ತನೆ ಗೋಧಿಯನ್ನು ಜನ ರೊಟ್ಟಿ ಮಾಡಿ ತಿಂದು ನೂರಾರು ಮಂದಿ ಸತ್ತಾಗ, ಗರ್ಭಿಣಿಯರು ಯಾವ ತಿಂಗಳಲ್ಲಿ ಎಷ್ಟು ವಿಷ ತಿಂದಿದ್ದರು ಎಂಬುದನ್ನು ಅವರ ಕೂದಲಿನಿಂದಲೇ ಲೆಕ್ಕ ಹಾಕಿದರು. ಬೂತಾಯಿ, ಬಂಗುಡೆಗಳಂಥ ಸಣ್ಣ ಮೀನುಗಳಲ್ಲಿ ಪಾದರಸ ಕಡಿಮೆ, ಶಾರ್ಕಿನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಹೆಚ್ಚು. ಪ್ರತಿದಿನ ಮೀನು ತಿನ್ನುವ ಕರಾವಳಿಯ ಮನೆಗಳಲ್ಲಿ ಗರ್ಭಿಣಿಯರಿಗೆ ಈ ಪರೀಕ್ಷೆ ಅರ್ಥಪೂರ್ಣ. ದೀರ್ಘಕಾಲದ ಆರ್ಸೆನಿಕ್ ಸೇವನೆಯ ಸಮೀಕ್ಷೆಗಳಲ್ಲಿಯೂ ಮೇಲೆ ಹೇಳಿದ ಎಚ್ಚರಿಕೆಗಳೊಂದಿಗೆ ಇದು ಉಪಯುಕ್ತ.

ಆದರೆ ಸುಸ್ತು, ಕೂದಲುದುರುವಿಕೆ, ನಿದ್ರಾಹೀನತೆ ಎಂದು ಬಂದವರ ಕೂದಲು ಪರೀಕ್ಷಿಸಿ, ಮೂವತ್ತು ನಲವತ್ತು ಖನಿಜಗಳ ಬಣ್ಣಬಣ್ಣದ ಪಟ್ಟಿ ಕೊಟ್ಟು, ಅದರ ಆಧಾರದ ಮೇಲೆ ಮಾತ್ರೆಗಳನ್ನು ಮಾರುವ ಪದ್ಧತಿಯನ್ನು ನಾನು ಒಪ್ಪಲಾರೆ. 2001ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ವ್ಯಕ್ತಿಯೊಬ್ಬರ ಕೂದಲನ್ನು ನೆತ್ತಿಗೆ ಸಮೀಪದಲ್ಲಿ ಕತ್ತರಿಸಿ, ಆ ಒಂದೇ ಮಾದರಿಯನ್ನು ಭಾಗ ಮಾಡಿ ಆರು ವಾಣಿಜ್ಯ ಪ್ರಯೋಗಾಲಯಗಳಿಗೆ ಕಳುಹಿಸಿದರು. ಹನ್ನೆರಡು ಖನಿಜಗಳ ವಿಷಯದಲ್ಲಿ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಅಂಕಿಗಳ ನಡುವೆ ಹತ್ತು ಪಟ್ಟಿಗಿಂತ ಹೆಚ್ಚು ಅಂತರವಿತ್ತು, ಆಹಾರದ ಬಗ್ಗೆ ಕೊಟ್ಟ ಸಲಹೆಗಳೂ ಪರಸ್ಪರ ವಿರುದ್ಧವಾಗಿದ್ದವು.

ಸತುವಿನ ಉದಾಹರಣೆಯನ್ನು ಗಮನಿಸಿದರೆ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ತೀವ್ರ ಅಪೌಷ್ಟಿಕತೆಯಿಂದ ಬಳಲುವ ಮಗುವಿನ ಕೂದಲು ಬೆಳೆಯುವುದೇ ನಿಧಾನವಾಗುತ್ತದೆ. ಕಡಿಮೆ ಸತುವೇ ಕಡಿಮೆ ಕೂದಲಿನಲ್ಲಿ ಹಂಚಿಹೋಗುವುದರಿಂದ ಅಂಕಿ ಸಾಮಾನ್ಯವಾಗಿಯೇ ಕಾಣಬಹುದು. ಕೊರತೆಯಿರುವ ಮಗುವಿಗೆ ಕೊರತೆಯಿಲ್ಲ ಎಂಬ ವರದಿ ಸಿಗುತ್ತದೆ. ರಕ್ತಹೀನತೆ ಇದೆಯೇ ಎಂದು ತಿಳಿಯಲು ಹಿಮೋಗ್ಲೋಬಿನ್ ಮತ್ತು ಫೆರಿಟಿನ್, ಸೀಸಕ್ಕೆ ರಕ್ತದ ಸೀಸ, ಸಮುದಾಯದ ಅಯೋಡಿನ್ ಸ್ಥಿತಿಗೆ ಮೂತ್ರದ ಅಯೋಡಿನ್ ನೋಡಬೇಕು. ಈ ಯಾವುದಕ್ಕೂ ಕೂದಲು ಬದಲಿಯಾಗದು. ಒಬ್ಬ ವ್ಯಕ್ತಿಯ ಕೂದಲಿನ ಅಂಕಿಯೊಂದನ್ನೇ ನೆಚ್ಚಿಕೊಂಡು ಯಾರೂ ಮಾತ್ರೆ ನುಂಗಬಾರದು, ನಡೆಯುತ್ತಿರುವ ಔಷಧಿಯನ್ನು ನಿಲ್ಲಿಸಲೂಬಾರದು.

ಕೂದಲಿನ ಪರೀಕ್ಷೆ ತನ್ನ ಪೂರ್ಣ ಬೆಲೆಯನ್ನು ತೋರುವುದು ಅದೇ ವ್ಯಕ್ತಿಯಿಂದ ಎರಡನೆಯ ಬಾರಿ ಮಾದರಿ ತೆಗೆದಾಗ. ಆರ್ಸೆನಿಕ್ ನೀರು ಕುಡಿಯುತ್ತಿದ್ದ ಮನೆಗೆ ಶುದ್ಧ ನೀರಿನ ವ್ಯವಸ್ಥೆಯಾದ ದಿನವನ್ನು ಬರೆದಿಟ್ಟುಕೊಂಡು, ಅಲ್ಲಿಂದ ನಾಲ್ಕು ತಿಂಗಳ ನಂತರ ಅದೇ ಹಿಂದಲೆಯಿಂದ, ಅದೇ ಉದ್ದದಷ್ಟು, ಅದೇ ರೀತಿ ದಾರ ಕಟ್ಟಿ ಕತ್ತರಿಸಬೇಕು. ಬುಡದ 3 ಸೆಂಟಿಮೀಟರನ್ನು ಒಂದು ಲಕೋಟೆಯಲ್ಲಿಯೂ ಅದರ ಮುಂದಿನ 3 ಸೆಂಟಿಮೀಟರನ್ನು ಇನ್ನೊಂದರಲ್ಲಿಯೂ ಇಟ್ಟು ಎರಡನ್ನೂ ಒಂದೇ ಪ್ರಯೋಗಾಲಯಕ್ಕೆ ಒಂದೇ ದಿನ ಕಳುಹಿಸಬೇಕು. ಎರಡನೆಯ ಲಕೋಟೆಯದು ಬಹುಪಾಲು ಹಳೆಯ ನೀರಿನ ಕಾಲದ್ದು, ಮೊದಲನೆಯದು ಹೊಸ ನೀರಿನದು. ಹೊಸ ನೀರು ನಿಜವಾಗಿ ಆ ಮನೆಯವರ ಹೊಟ್ಟೆ ಸೇರುತ್ತಿದ್ದರೆ ಬುಡದ ಅಂಕಿ ಇಳಿದಿರಬೇಕು. ಇಳಿಯದಿದ್ದರೆ ಮತ್ತೆ ಆ ಮನೆಗೆ ಹೋಗಿ ಕೊಡ ಎಲ್ಲಿಂದ ತುಂಬುತ್ತಿದ್ದಾರೆ, ಅಡುಗೆಗೆ ಯಾವ ನೀರು, ಹೊಲದಲ್ಲಿ ಕುಡಿಯುವುದು ಯಾವ ಬಾವಿಯದು ಎಂದು ಕೇಳಬೇಕು.